ಎರಡು ದಿನ ಅವಸರ, 45 ದಿನ ತಾಳ್ಮೆ

ಗೌರಿ ಹಬ್ಬ ಮುಗಿದ ಮರುವಾರ ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಕಾಫಿ ಕೈಗಿಟ್ಟವಳು ಕೂರಲೇ ಇಲ್ಲ. ಹೊಲದಿಂದ ಮುರಿದು ತಂದ ಮುಸುಕಿನ ಜೋಳದ ತೆನೆಯೊಂದನ್ನು ಸುಲಿದು, ಕಾಳಿಗೆ ಉಗುರು ಒತ್ತಿ ತೋರಿಸಿದಳು. ಹಾಲು ಚಿಮ್ಮಲಿಲ್ಲ, ಹಿಟ್ಟಿನಂಥ ತಿರುಳು ಉಗುರಿಗೆ ಮೆತ್ತಿಕೊಂಡಿತು. “ಇವತ್ತು ನಾಳೆಯೊಳಗೆ ಕೊಯ್ದು ಗುಂಡಿ ತುಂಬಿಬಿಡ್ಬೇಕು ಕಣಣ್ಣ. ತಡ ಮಾಡಿದ್ರೆ ದಂಟು ಒಣಗುತ್ತೆ, ಆಮೇಲೆ ಎಷ್ಟು ತುಳಿದ್ರೂ ಅಮರಲ್ಲ” ಎಂದವಳೇ ಹೊಲದ ಕಡೆ ಹೊರಟಳು.

ಹೀಗೆ ಗುಂಡಿಯಲ್ಲಿ ಮುಚ್ಚಿಟ್ಟು ಹುಳಿಯಾಗಿಸಿದ ಹಸಿಮೇವಿಗೆ ಪುಸ್ತಕದಲ್ಲಿ ಹೆಸರು ರಸಮೇವು, ಹಾಲಿನ ಡೇರಿಯ ಮುಂದಿನ ಮಾತಿನಲ್ಲಿ ಸೈಲೇಜು. ಬಾಡಿಗೆಗೆ ತಂದ ಕತ್ತರಿಸುವ ಯಂತ್ರ ಟ್ರ್ಯಾಕ್ಟರಿನ ಬಲದಿಂದ ಗುಡುಗುತ್ತಿತ್ತು. ತೆನೆ, ಎಲೆ, ದಂಟು ಎಲ್ಲವನ್ನೂ ಒಟ್ಟಿಗೆ ನುಂಗಿ ಒಂದೆರಡು ಸೆಂಟಿಮೀಟರಿನ ಚೂರು ಮಾಡಿ ಉಗಿಯುತ್ತಿತ್ತು. ಭಾವ ಒಂದು ಹಿಡಿ ಚೂರನ್ನು ಬಿಗಿಯಾಗಿ ಹಿಂಡಿ, ಮುಷ್ಟಿ ಬಿಚ್ಚಿದರು. ಉಂಡೆ ಮೆಲ್ಲಗೆ ಬಿರಿಯಿತು. ರಸ ತೊಟ್ಟಿಕ್ಕಿದರೆ ನೀರು ಜಾಸ್ತಿ, ತಟ್ಟನೆ ಉದುರಿದರೆ ಕಡಿಮೆ. ನೂರಕ್ಕೆ 65ರಿಂದ 70ರಷ್ಟು ನೀರಿದ್ದರೆ ಹದ. ಅದನ್ನು ಅಳೆಯಲು ಅವರ ಅಂಗೈ ಸಾಕಾಯಿತು.

ಚೂರನ್ನು ಗುಂಡಿಗೆ ಅರ್ಧ ಅಡಿಯಷ್ಟು ಹರಡುವುದು, ಅದರ ಮೇಲೆ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಓಡಿಸಿ ಅಮುಕುವುದು, ಮತ್ತೆ ಹರಡುವುದು. ಎತ್ತುಗಳನ್ನು ಕೊಟ್ಟಿಗೆಯಿಂದ ಹೊರಗೆ ಕಳಿಸಿದ ಟ್ರ್ಯಾಕ್ಟರೇ ಈಗ ಹಸುವಿನ ಊಟಕ್ಕೆ ದುಡಿಯುತ್ತಿದೆಯಲ್ಲ ಎಂದು ನಗು ಬಂತು. ಇಲ್ಲಿ ಅದರ ಶಕ್ತಿಗಿಂತ ತೂಕಕ್ಕೇ ಹೆಚ್ಚು ಕೆಲಸ.

ಇಷ್ಟು ಅವಸರ ಏಕೆಂದರೆ, ಕೊಯ್ದ ಮೇಲೂ ಮೇವು ಉಸಿರಾಡುತ್ತದೆ. ಚೂರುಗಳ ನಡುವೆ ಗಾಳಿ ಇರುವಷ್ಟು ಹೊತ್ತು ತನ್ನ ಸಕ್ಕರೆಯನ್ನು ತಾನೇ ಸುಟ್ಟುಕೊಂಡು ಬಿಸಿಯಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಗಾಳಿ ಹೋದರೆ ಮೊಸರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳ ನೆಂಟರು ಕೆಲಸಕ್ಕೆ ಇಳಿಯುತ್ತಾರೆ. ಉಳಿದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ. ಪಿಎಚ್ ಸುಮಾರು 4ಕ್ಕೆ ಇಳಿದರೆ ಕೊಳೆಸುವ ಜೀವಿಗಳ ಆಟ ನಿಲ್ಲುತ್ತದೆ. ಈ ಹುಳಿಯನ್ನು ಬೇಗ ತರಿಸುವ ದಾರಿ ಹುಡುಕಿದವರು ಫಿನ್‌ಲ್ಯಾಂಡಿನ ಆರ್ಟುರಿ ವಿರ್ತಾನೆನ್. ಹಸಿಮೇವಿಗೆ ಮೊದಲೇ ಆಮ್ಲ ಸೇರಿಸಿ ಸತ್ವ ಉಳಿಸುವ ಅವರ ವಿಧಾನವನ್ನೂ ಗಣಿಸಿ 1945ರ ರಸಾಯನಶಾಸ್ತ್ರದ ನೊಬೆಲ್ ಕೊಡಲಾಯಿತು. ದನದ ಮೇವಿಗೆ ಸಂದ ನೊಬೆಲ್ ಎನ್ನಬಹುದು.

ತಾಳಿದವನು ಬಾಳಿಯಾನು ಎನ್ನುತ್ತಾರೆ. ಕೊಯ್ಲಿನ ದಿನ ತಾಳಿದವನ ಗುಂಡಿ ಕೊಳೆತೀತು. ಕುಡುಗೋಲು, ಕೈಮಚ್ಚಿನಿಂದ ವಾರವಿಡೀ ತುಂಬಿದರೆ ಮೇಲಿನ ಪದರ ಬೀಳುವಷ್ಟರಲ್ಲಿ ಕೆಳಗಿನದು ಕಾದಿರುತ್ತದೆ. ಯಂತ್ರದಿಂದ ಸಿಗುವ ನಿಜವಾದ ಲಾಭ ಈ ಉಳಿದ ಐದು ದಿನ. ಸ್ವಂತಕ್ಕೆ ಕೊಳ್ಳಲಾಗದವರಿಗೆ ಕೃಷಿ ಯಂತ್ರಧಾರೆ ಕೇಂದ್ರಗಳಂಥ ಬಾಡಿಗೆಯ ದಾರಿಗಳಿವೆ. ಆ ಓಟದಲ್ಲೂ ಅವಸರ ಪಡಬಾರದ್ದು ಒಂದೇ: ಯಂತ್ರದ ಬಾಯಿಗೆ ಮೇವು ಕೊಡುವ ಕೈ.

ಎರಡನೇ ದಿನ ಸಂಜೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಕೊಟ್ಟು, ಮೇಲೆ ಹಳೇ ಟೈರು ಹೇರಿದ್ದಾಯಿತು. ಅಲ್ಲಿಗೆ ಯಂತ್ರದ ಪಾಲಿನ ಕೆಲಸ ಮುಗಿಯಿತು. ಇನ್ನು ಸುಮಾರು 45 ದಿನ ಮುಟ್ಟುವಂತಿಲ್ಲ. ಎಷ್ಟು ಅಶ್ವಶಕ್ತಿ ತಂದರೂ ಆ ಕಾಯುವಿಕೆಯನ್ನು ಒಂದೇ ದಿನಕ್ಕೆ ಇಳಿಸಲಾಗದು. ಹಿಂದಿನ ವರ್ಷ ಪಕ್ಕದ ಮನೆಯವರು ಹತ್ತನೇ ದಿನ “ಒಳಗೆ ಏನಾಗಿದೆಯೋ ನೋಡೋಣ” ಎಂದು ಹಾಳೆ ಎತ್ತಿದ್ದರಂತೆ. ಎತ್ತಿದ ಮೂಲೆಯಷ್ಟೂ ಬೂಷ್ಟು ಹಿಡಿದು ತಿಪ್ಪೆ ಸೇರಿತು. ರಾಗಿಯನ್ನು ಹಗೇವಿನಲ್ಲಿ ಹೂತು, ಬಾಯಿ ಮುಚ್ಚಿ, ಬರಗಾಲದವರೆಗೆ ಮರೆತಂತೆ ಇರುತ್ತಿದ್ದ ಹಿರಿಯರಿಗೆ ಈ ಕಾಯುವಿಕೆ ಹೊಸತೆನಿಸುತ್ತಿರಲಿಲ್ಲ.

ನಮ್ಮ ಬಹುಪಾಲು ಕೆಲಸ ಕೆಡುವುದು ಇಲ್ಲೇ ಇರಬೇಕು. ಹದ ಬಂದ ದಿನ “ನಾಳೆ ನೋಡೋಣ” ಎನ್ನುತ್ತೇವೆ. ಸುಮ್ಮನಿರಬೇಕಾದ ದಿನ ಮುಚ್ಚಳ ಎತ್ತಿ ಇಣುಕುತ್ತೇವೆ.

ಯುಗಾದಿಗೆ ಮತ್ತೆ ಹೋದೆ. ಬದುವಿನ ಹುಲ್ಲೆಲ್ಲ ಒಣಗಿತ್ತು. ತಂಗಿ ಗುಂಡಿಯ ಒಂದು ತುದಿಯ ಹಾಳೆ ಸರಿಸಿ, ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಅರ್ಧ ಅಡಿಯಷ್ಟು ಕೆರೆದು ಮಂಕರಿಗೆ ತುಂಬಿದಳು. ಹಳದಿ ಮಿಶ್ರಿತ ಹಸಿರು, ಸಿಹಿಹುಳಿ ವಾಸನೆ. ಹಾಲು ಕರೆದಾದ ಮೇಲೆಯೇ ಹಸುಗಳ ಮುಂದೆ ಸುರಿದಳು. ಮೊದಲೇ ಕೊಟ್ಟರೆ ಆ ವಾಸನೆ ಹಾಲಿಗೆ ಹತ್ತುತ್ತದಂತೆ. ಕ್ಷಣದಲ್ಲಿ ಗೊಂತು ಖಾಲಿ. “ಇಷ್ಟೊಂದು ಇದೆಯಲ್ಲ, ಇನ್ನೊಂದು ಮಂಕರಿ ಹಾಕ್ಬಾರ್ದಾ?” ಎಂದೆ.

“ಮಳೆ ಬರೋತನಕ ಬರ್ಬೇಕಲ್ಲಣ್ಣ” ಎನ್ನುತ್ತಾ ಅವಳು ಹಾಳೆ ಎಳೆದು, ಟೈರನ್ನು ಮತ್ತೆ ಅದರ ಜಾಗದಲ್ಲಿಟ್ಟಳು.