ದರ ಹೇಳಿದರೆ ಸಾಕೇ?

ರೋಮಿನ ಸಿಸಿರೋ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಬರೆದ, ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ದ್ವೀಪದವರಿಗೆ ಗೊತ್ತಿಲ್ಲ. ಹೇಳಿದರೆ ದರ ಬೀಳುತ್ತದೆ. ಅವನು ಹೇಳಬೇಕೇ, ಸುಮ್ಮನಿರಬೇಕೇ? ಸುಮ್ಮನಿರುವುದು ಮೋಸವಲ್ಲವೆಂದು ಗುರು ಡಯೋಜೀನಿಸ್ ವಾದಿಸುತ್ತಾನೆ (ಪೀಪಾಯಿಯಲ್ಲಿ ವಾಸಿಸಿದನೆಂದು ನಾವು ಶಾಲೆಯಲ್ಲಿ ಓದಿದ ಡಯೋಜೀನಿಸ್ ಬೇರೆ). ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕೆಂದು ಶಿಷ್ಯ ಆಂಟಿಪೇಟರನ ವಾದ. ಸಿಸಿರೋ ಶಿಷ್ಯನ ಪಕ್ಷವನ್ನೇ ಹಿಡಿಯುತ್ತಾನೆ.

ನಮ್ಮ ಕಡೆ ಮೋಸಹೋಗುವವನು ಸಾಮಾನ್ಯವಾಗಿ ಕೊಳ್ಳುವವನಲ್ಲ, ಬೆಳೆದು ಮಾರುವವನು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಓದುಗರಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರಬಹುದು. ಸುತ್ತ ನಿಂತವರಿಗೆ ಏನೊಂದೂ ತಿಳಿಯದು. ಮೊಬೈಲು ಬಂದು ಆ ಟವೆಲನ್ನೇ ಕಿತ್ತೊಗೆಯಿತು ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ.

ಕೇರಳದ ಉತ್ತರ ಕರಾವಳಿಯಲ್ಲಿ, ಕೋಳಿಕ್ಕೋಡಿನಿಂದ ನಮ್ಮ ಕಾಸರಗೋಡಿನವರೆಗೆ, 1997ರಿಂದ 2001ರ ನಡುವೆ ಹಂತಹಂತವಾಗಿ ಮೊಬೈಲು ಬಂತು. ಅಲ್ಲಿಯ ಬೂತಾಯಿ ಮೀನಿನ ವ್ಯಾಪಾರವನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ವಾರವಾರವೂ ಲೆಕ್ಕವಿಟ್ಟು ನೋಡಿ 2007ರಲ್ಲಿ ಪ್ರಕಟಿಸಿದರು. ಫೋನು ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಸಮುದ್ರಕ್ಕೆ ಸುರಿಯುತ್ತಿದ್ದರು. ಹದಿನೈದು ಕಿಲೋಮೀಟರಿನಾಚೆಯ ದಡದಲ್ಲಿ ಅದೇ ಬೆಳಿಗ್ಗೆ ಮೀನು ಸಿಗದೆ ಜನ ಬರಿಗೈಯಲ್ಲಿ ಮರಳುತ್ತಿದ್ದರು. ಫೋನು ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ ದಿಕ್ಕು ತಿರುಗಿಸತೊಡಗಿದರು. ಮೀನು ಹಾಳಾಗುವುದು ನಿಂತಿತು, ಬೆಸ್ತರ ಲಾಭ ಸುಮಾರು ಶೇಕಡಾ 8 ಏರಿತು, ಕೊಳ್ಳುವವರ ಬೆಲೆ ಶೇಕಡಾ 4 ಇಳಿಯಿತು. ಯಾರಿಗೂ ನಷ್ಟವಿಲ್ಲದ ಇಂಥ ಸುದ್ದಿ ಅಪರೂಪ.

ಇದನ್ನು ಓದಿ ಹುರುಪುಗೊಂಡವರಲ್ಲಿ ನಾನೂ ಒಬ್ಬ. ನನ್ನ ಕಾಕನ ಮಗ ವಿಜಯಪುರ ಜಿಲ್ಲೆಯ ಕೊಲ್ಹಾರದ ಸೀಮೆಯಲ್ಲಿ ಎರಡೂವರೆ ಎಕರೆ ಉಳ್ಳಾಗಡ್ಡಿ ಬೆಳೆಯುತ್ತಾನೆ. ಸುಗ್ಗಿಯಲ್ಲಿ ದಿನಾ ರಾತ್ರಿ ಡೊಂಬಿವಲಿಯಿಂದ ಅವನಿಗೆ ಫೋನು ಮಾಡಿ ವಾಶಿ ಮಾರುಕಟ್ಟೆಯ ದರ ಹೇಳುವುದು ನನ್ನ ಪಾಠವಾಯಿತು. ಊರು ಬಿಟ್ಟು ಬಂದವನಿಗೆ ಊರಿನ ಋಣ ತೀರಿಸಿದ ಸಮಾಧಾನ ಅದರಲ್ಲಿತ್ತು, ಖರ್ಚೂ ಇಲ್ಲ. ಒಂದು ರಾತ್ರಿ ಅವನೆಂದ: "ಅಣ್ಣಾ, ಇನ್ನ ಮ್ಯಾಲೆ ರೇಟ್ ಹೇಳಬ್ಯಾಡ. ಕೇಳಿದ್ರ ನಿದ್ದಿ ಬರಂಗಿಲ್ಲ."

ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ವಿಚಾರಿಸಿದೆ. ಬೀಜ, ಗೊಬ್ಬರ, ಕಳೆ ತೆಗೆಸುವ ಕೂಲಿ ಎಂದು ಬಿತ್ತನೆಗೆ ಮೊದಲೇ ಅಡತಿ ಅಂಗಡಿಯಿಂದ ಮುಂಗಡ ತಂದಿರುತ್ತಾನೆ. ಮಾಲು ಆ ಅಂಗಡಿಗೇ ಹೋಗಬೇಕು. ದಲಾಲಿ, ಹಮಾಲಿ, ತೂಕದ ಖರ್ಚು ಹಿಡಿದುಕೊಂಡು ಮಿಕ್ಕದ್ದು ಕೈಗೆ. ಮಳೆಗಾಲದ ಗಡ್ಡೆ ಬಹುಕಾಲ ಇಟ್ಟರೆ ಕೊಳೆಯುತ್ತದೆ ಅಥವಾ ಮೊಳೆಯುತ್ತದೆ. ವಾಶಿಯ ದರ ಇಮ್ಮಡಿಯಾದರೂ ಅವನಿಗೇನು? ಬೆಸ್ತನಿಗೆ ತಿರುಗಿಸಲು ದೋಣಿಯಿತ್ತು. ಇವನ ಟ್ರ್ಯಾಕ್ಟರಿನ ದಾರಿ ಬಿತ್ತುವ ಮೊದಲೇ ನಿಶ್ಚಯವಾಗಿತ್ತು.

ಇದು ನನ್ನ ಮನೆತನದೊಂದರ ಕಥೆಯಲ್ಲ. 2007ರಲ್ಲಿ ಮಹಾರಾಷ್ಟ್ರದಲ್ಲಿ ರಾಯಿಟರ್ಸ್ ಮಾರ್ಕೆಟ್ ಲೈಟ್ ಎಂಬ ಸೇವೆ ರೈತರ ಮೊಬೈಲಿಗೆ ಮಾರುಕಟ್ಟೆ ದರ, ಹವಾಮಾನ, ಬೆಳೆಯ ಸಲಹೆ ಕಳಿಸತೊಡಗಿತು. ನೂರು ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದ ಇಬ್ಬರು ಅರ್ಥಶಾಸ್ತ್ರಜ್ಞರು 2012ರಲ್ಲಿ ಕೊಟ್ಟ ಫಲಿತಾಂಶ ಸಪ್ಪೆಯಾಗಿತ್ತು: ಸಂದೇಶ ಪಡೆದ ರೈತರಿಗೆ ಸಿಕ್ಕ ಬೆಲೆ, ಪಡೆಯದವರಿಗೆ ಸಿಕ್ಕದ್ದಕ್ಕಿಂತ ಗಣನೀಯವಾಗಿ ಹೆಚ್ಚಿರಲಿಲ್ಲ. ಉಳ್ಳಾಗಡ್ಡಿಯೂ ಅವರು ನೋಡಿದ ಬೆಳೆಗಳಲ್ಲೊಂದು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಆರಂಭಿಸಿದ ಇ-ನಾಮ್ ದರ ಹೇಳುವುದಷ್ಟೇ ಅಲ್ಲದೆ ದೂರದ ವರ್ತಕನೂ ಹರಾಜು ಕೂಗುವ ಏರ್ಪಾಡು ಮಾಡಿದೆ. ಒಳ್ಳೆಯದೇ. ಆದರೆ ಮುಂಗಡ ಕೊಟ್ಟವನ ಹಿಡಿತ ಪರದೆಯ ಮೇಲೆ ಕಾಣುವುದಿಲ್ಲ.

ಸಿಸಿರೋನ ವರ್ತಕ ಹೇಳಿಬಿಟ್ಟಿದ್ದರೆ ಅವನ ಕರ್ತವ್ಯ ಅಲ್ಲಿಗೆ ಮುಗಿಯುತ್ತಿತ್ತು. ರೋಡ್ಸಿನ ಜನ ಎರಡು ದಿನ ಕಾಯಬಲ್ಲವರಾಗಿದ್ದರು ಎಂಬುದು ಆ ವಾದದೊಳಗೆ ಅಡಗಿದ ಊಹೆ. ಕಾಯಲಾರದವನಿಗೆ ಸತ್ಯ ಹೇಳಿ ಕೈತೊಳೆದುಕೊಂಡರೆ? "ನಾವು ತಿಳಿಸಿದ್ದೆವು, ಅವನೇ ಉಪಯೋಗಿಸಿಕೊಳ್ಳಲಿಲ್ಲ" ಎಂಬ ಮಾತು ಸರ್ಕಾರಕ್ಕೆ, ಕಂಪನಿಗಳಿಗೆ, ನನ್ನಂಥ ಅಣ್ಣಂದಿರಿಗೆ ಬಹಳ ಅನುಕೂಲದ್ದು. ಹಿಂದೆ ಅವನ ಬಡತನಕ್ಕೆ ಅಜ್ಞಾನ ಕಾರಣವೆನ್ನುತ್ತಿದ್ದೆವು. ಈಗ ತಿಳಿದೂ ಸೋತವನೆಂದು ಅವನ ಮೇಲೆಯೇ ಹೊರಿಸಬಹುದು. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ವಾಶಿಯಲ್ಲಿ ದರ ಏರಿದ ದಿನ ನಾನು ಅವನಿಗಾಗಿ ಹಿಗ್ಗಿ, ಸಂಜೆ ಚೀಲ ಹಿಡಿದು ಹೋದಾಗ ತರಕಾರಿಯವನೊಡನೆ ಜಗಳಾಡಿದ್ದೇನೆ.

ಹೋದ ವಾರ ದರದ ಮಾತೆತ್ತದೆ, ಮುಂಗಡ ಎಷ್ಟು ತರುತ್ತೀ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ. ಹೋದ ಮೇ ತಿಂಗಳಲ್ಲಿ ನಾವು ಮಹಾಬಳೇಶ್ವರಕ್ಕೆ ಹೋಗಿಬಂದ ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. "ಯಾಕಣ್ಣಾ ಕೇಳಿದಿ?" ಎಂದ. ಅಣ್ಣತಮ್ಮಂದಿರ ನಡುವೆ ಸಾಲ ಬಂದರೆ ಮನಸ್ಸು ಕೆಡುತ್ತದೆಂದು ನಮ್ಮ ತಂದೆ ಹೇಳುತ್ತಿದ್ದರು. ಸಂಜೆ ಮನೆಯಲ್ಲಿ ವಿಷಯ ಎತ್ತಿದ್ದೇನೆ. ಬಿತ್ತನೆಗೆ ಇನ್ನೂ ಒಂದು ತಿಂಗಳಿದೆ.