ಮಗುವಿನ ರಕ್ತ, ಯಾರ ಕರ್ಮ?

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಂತಾನಕ್ಕಾಗಿ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ಮಗು ದೈವ ಕೊಟ್ಟದ್ದೆಂದು ನಂಬುವ ಈ ಸೀಮೆಯಲ್ಲಿ, ಅದೇ ಮಗು ಬಿಳಿಚಿಕೊಂಡು ಸೊರಗಿದರೆ ‘ಅದರ ಹಣೆಬರಹ’ ಎಂಬ ಮಾತೂ ಅಷ್ಟೇ ಸಲೀಸಾಗಿ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. ಇದು ಅಷ್ಟೂ ಮಕ್ಕಳ ಪೂರ್ವಾರ್ಜಿತವೇ? ಈ ರೋಗದ ಒಂದು ಕಾರಣವಾದ ಕೊಕ್ಕೆಹುಳುವಿನ ದಾರಿ ಹಿಡಿದು ಹೋದರೆ ಉತ್ತರ ಬೇರೆಯೇ ಸಿಗುತ್ತದೆ.

ಹುಳುವಿರುವವರೊಬ್ಬರು ಬದುವಿನ ಮರೆಯಲ್ಲಿ ಬಯಲಿಗೆ ಕೂರುತ್ತಾರೆ. ಮಲದಲ್ಲಿರುವ ಮೊಟ್ಟೆ ಒಂದೆರಡು ದಿನದಲ್ಲಿ ಒಡೆದು, ಮರಿ ಐದರಿಂದ ಹತ್ತು ದಿನದಲ್ಲಿ ಚರ್ಮ ಕೊರೆಯುವಷ್ಟು ಬಲಿಯುತ್ತದೆ. ಅದಕ್ಕೆ ಬೇಕಾದದ್ದು ನೆರಳು, ತೇವ, ಬೆಚ್ಚನೆಯ ಮಣ್ಣು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದಲ್ಲಿ, ಚಿಂತಾಮಣಿಯ ಟೊಮೆಟೊ ಹೊಲದಲ್ಲಿ ನೀರು ಕಟ್ಟಿದ ನೆಲ ಇಂಥದ್ದೇ. ಬರಿಗಾಲ ಮಗುವಿನ ಅಂಗಾಲಿನಿಂದ ಹೊಕ್ಕ ಮರಿ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ಉಗುಳಿನ ಜೊತೆ ಸಣ್ಣಕರುಳಿಗಿಳಿದು ಕಚ್ಚಿಕೊಳ್ಳುತ್ತದೆ. ನೆಕೇಟರ್ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.03 ಮಿಲಿಲೀಟರ್, ಐವತ್ತು ಹುಳುಗಳಿದ್ದರೆ ತಿಂಗಳಿಗೆ 45 ಮಿಲಿಲೀಟರ್. ಸರಿಯಾದ ಊಟವಿಲ್ಲದ ಮಗು ಅಷ್ಟು ಕಬ್ಬಿಣಾಂಶವನ್ನು ಮತ್ತೆ ತುಂಬಿಕೊಳ್ಳಲಾರದು. ಇಲ್ಲಿ ಮಾಡಿದವರು ಬೇರೆ, ಉಣ್ಣುವವರು ಬೇರೆ. ಮಾಡಿದವರಿಗೆ ಕೇಡಿನ ಉದ್ದೇಶವಿರಲಿಲ್ಲ, ಬಹುಶಃ ಶೌಚಾಲಯವೂ ಇರಲಿಲ್ಲ. ಉಂಡ ಮಗು ಏನನ್ನೂ ಮಾಡಿರಲಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಇಲ್ಲಿ ನಿಲ್ಲುವುದಿಲ್ಲ. ಆದರೂ ದೂರು ಮಗುವಿನ ಮೇಲೆಯೇ: ಬೆಲ್ಲ ತಿಂದು ಜಂತು ಆಯಿತು, ಮಣ್ಣು ತಿಂದು ರಕ್ತ ಕಡಿಮೆಯಾಯಿತು. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಮಣ್ಣು ತಿನ್ನುವ ಚಪಲ ಎಷ್ಟೋ ಸಲ ಕಬ್ಬಿಣಾಂಶದ ಕೊರತೆಯ ಲಕ್ಷಣ.

ಕರ್ಮ ಹಿಂದಿನ ಜನ್ಮದ್ದು, ಹುಳು ನಿಮಿತ್ತ ಮಾತ್ರ ಎನ್ನುವವರಿದ್ದಾರೆ. ಇದನ್ನು ಸುಳ್ಳೆಂದು ತೋರಿಸಲು ಯಾರಿಗೂ ಆಗದು, ನಿಜವೆಂದು ತೋರಿಸಲೂ ಆಗದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿದರು. ಪವಾಡಕ್ಕೆ ಕೇಳಿದ ಪ್ರಶ್ನೆಯನ್ನು ಹಣೆಬರಹಕ್ಕೂ ಕೇಳಬೇಕು. ಇನ್ನು ಜನ್ಮಾಂತರವನ್ನು ಒಪ್ಪಿದವರಿಗೂ ವಿನಾಯಿತಿ ಇಲ್ಲ. ನೋವು ಮಗುವಿನ ಪಾಲಿನದ್ದೇ ಆಗಿರಲಿ, ಕೈಯಲ್ಲಿ ಔಷಧವಿದ್ದೂ ಕೊಡದೆ ಕುಳಿತದ್ದು ಈ ಜನ್ಮದ, ಕುಳಿತವರದೇ ಕರ್ಮ.

ಇದಕ್ಕಿಂತ ತೂಕದ ಆಕ್ಷೇಪ ವಿಜ್ಞಾನದ ಕಡೆಯಿಂದಲೇ ಬರುತ್ತದೆ. ಎಲ್ಲ ಮಕ್ಕಳಿಗೂ ಜಂತುಹುಳು ಮಾತ್ರೆ ಕೊಟ್ಟ ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಪರಾಮರ್ಶೆಗಳಲ್ಲಿ ಸರಾಸರಿ ಹಿಮೋಗ್ಲೋಬಿನ್ ಹೆಚ್ಚೇನೂ ಏರಿಲ್ಲ. ಆ ಸರಾಸರಿಯಲ್ಲಿ ಹುಳುವಿಲ್ಲದ ಮಕ್ಕಳೂ ಸೇರಿರುತ್ತಾರೆ, ಹಾಗಾಗಿ ಹೊಟ್ಟೆ ತುಂಬ ಹುಳುವಿರುವ ಮಗುವಿನ ಚೇತರಿಕೆ ಅದರಲ್ಲಿ ಮುಚ್ಚಿಹೋಗಬಹುದು. ಅದೇನೇ ಇರಲಿ, ಹುಳುವೊಂದೇ ಕಾರಣವಲ್ಲ ಎಂಬುದು ನಿಜ. ತಾಯಿಯಲ್ಲೇ ರಕ್ತವಿಲ್ಲದಿರುವುದು, ಸೊಪ್ಪು-ಮೊಟ್ಟೆ ಕಾಣದ ತಟ್ಟೆ, ಮತ್ತೆ ಮತ್ತೆ ಬರುವ ಸೋಂಕು, ಇವೂ ಇವೆ. ಇವುಗಳಲ್ಲಿ ಮಗು ಮಾಡಿದ್ದು ಯಾವುದು? ಕಾರಣಗಳು ಹೆಚ್ಚಿದಷ್ಟೂ ಹೊಣೆ ಹೊರಬೇಕಾದ ದೊಡ್ಡವರ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಮಗುವಿನ ಪಾಲು ಹುಟ್ಟುವುದಿಲ್ಲ.

ನಮ್ಮ ಮನೆಯಲ್ಲಿ ಶೌಚಾಲಯವಿದೆ, ನಮ್ಮ ಮಗುವಿಗೇಕೆ ಮಾತ್ರೆ ಎಂಬ ಪ್ರಶ್ನೆಯ ಒಳಗೂ ಅದೇ ಹಳೆಯ ಲೆಕ್ಕವಿದೆ: ನಮ್ಮ ಶುದ್ಧಿ ನಮ್ಮನ್ನು ಕಾಯುತ್ತದೆ ಎಂಬುದು. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಯಾರ ಮಲವನ್ನೂ ಪರೀಕ್ಷಿಸದೆ ಹಂಚುವುದಕ್ಕೆ ಒಂದು ಕಾರಣ, ಮಕ್ಕಳು ಆಡುವ ಮಣ್ಣು ಯಾವ ಒಂದು ಮನೆಯದ್ದೂ ಅಲ್ಲ ಎಂಬುದು. ಮಾತ್ರೆ ಕರುಳಿನ ಹುಳುವನ್ನು ಕೊಲ್ಲುತ್ತದೆ, ಹೊಲದ ಮರಿಯನ್ನಲ್ಲ. ತೋಟಕ್ಕೆ ಕೂಲಿಗೆ ಬಂದವರಿಗೆ ಒಂದು ಶೌಚಾಲಯ ಕಟ್ಟಿಸದ ಮಾಲೀಕರ ಮಗುವೂ ಅದೇ ಬದುವಿನ ಮೇಲೆ ಓಡಾಡುತ್ತದೆ.