ಗೀರು ಬೀಳದ ಮೈ

ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿ ಇರುವುದೇ ಪೆಟ್ಟು ತಿನ್ನಲು. ಜಲ್ಲಿ, ಕಬ್ಬಿಣದ ಸರಳು, ಮರದ ದಿಮ್ಮಿ ಎಲ್ಲವನ್ನೂ ಅದರೊಳಗೆ ಎತ್ತಿ ಹಾಕುತ್ತಾರೆ. ಅಲ್ಲಿ ಯಾವ ಪೇಂಟೂ ಹೆಚ್ಚು ದಿನ ನಿಲ್ಲದು. ಅದಕ್ಕೆಂದು ಅಮೆರಿಕದಲ್ಲಿ ಬಳಕೆಗೆ ಬಂದದ್ದು ಸ್ಪ್ರೇ ಬೆಡ್ ಲೈನರ್. ಪಾಲಿಯುರೆಥೇನ್ ಇಲ್ಲವೇ ಪಾಲಿಯೂರಿಯಾ ಆಗಬೇಕಾದ ಎರಡು ದ್ರವಗಳನ್ನು ಕಾಯಿಸಿ, ಭಾರಿ ಒತ್ತಡದಲ್ಲಿ ಗನ್ನಿನ ಮೂತಿಯಲ್ಲೇ ಬೆರೆಸಿ ಎರಚಿದರೆ ಅದು ಬೇಗನೆ ಬಿಗಿದು ರಬ್ಬರಿನ ಗುಣವುಳ್ಳ ತರಿತರಿ ಪದರವಾಗುತ್ತದೆ. ರೈನೋ ಲೈನಿಂಗ್ಸ್, ಲೈನ್-ಎಕ್ಸ್ ಮುಂತಾದ ಕಂಪನಿಗಳು ಇದನ್ನು ಜನಪ್ರಿಯಗೊಳಿಸಿದವು. ಯೂಟಾದ ಮೋಆಬ್‌ನ ಮರಳುಗಲ್ಲಿನ ಮೇಲೆ, ಕ್ಯಾಲಿಫೋರ್ನಿಯಾದ ರೂಬಿಕಾನ್ ಹಾದಿಯ ಗ್ರಾನೈಟ್ ಬಂಡೆಗಳ ನಡುವೆ ಓಡುವಂಥ ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಕೆಲವರು ತೊಟ್ಟಿಯ ಈ ಕವಚವನ್ನು ಪೇಂಟಿನ ಬದಲು ಗಾಡಿಯ ಇಡೀ ಮೈಗೆ ಹೊದಿಸುತ್ತಾರೆ. ಮುಖ್ಯವಾಗಿ ಕೊಡುವ ಕಾರಣ: ಇನ್ನು ಮುಳ್ಳು ಗೀರಿದರೂ ಬಂಡೆ ಉಜ್ಜಿದರೂ ಚಿಂತೆಯಿಲ್ಲ. ಮೇಲ್ನೋಟಕ್ಕೆ ಇದು ಗ್ಯಾರೇಜಿನ ವಿಷಯ. ಆದರೆ ಈ ಕಾರಣದೊಳಗೆ ಧರ್ಮಚಿಂತನೆ ಬಹಳ ಹಿಂದಿನಿಂದ ಎದುರಿಸುತ್ತ ಬಂದ ಪ್ರಶ್ನೆಯೊಂದಿದೆ: ಗಾಯವೇ ಆಗದ ಹಾಗೆ ಮಾಡಿಕೊಂಡರೆ ಮೋಹದಿಂದ ಬಿಡುಗಡೆ ಸಿಕ್ಕಂತೆಯೆ? ಸಿಗುವುದಿಲ್ಲ ಎಂಬುದು ನನ್ನ ವಾದ. ಚಿಂತೆಯನ್ನು ಬಿಡುವುದು ಬೇರೆ, ಗಮನವನ್ನು ಬಿಡುವುದು ಬೇರೆ. ದಪ್ಪ ಕವಚ ಮೊದಲನೆಯದನ್ನು ಕೊಡುತ್ತೇನೆಂದು ಹೇಳಿ ನಮ್ಮಿಂದ ಎರಡನೆಯದನ್ನು ಕಿತ್ತುಕೊಳ್ಳಬಲ್ಲದು.

ಎರಡು ಪದರಗಳ ಕೆಲಸವನ್ನು ಹೋಲಿಸಿದರೆ ಇದು ತಿಳಿಯುತ್ತದೆ. ಕಾರ್ಖಾನೆಯ ಪೇಂಟ್ ಎಂದರೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನ ಆರರಲ್ಲಿ ಒಂದು ಪಾಲೂ ಕಷ್ಟ. ತೊಟ್ಟಿಗೆ ವೃತ್ತಿಪರರು ಎರಚುವ ಲೈನರ್ ಒಂದೂವರೆ ಮಿಲಿಮೀಟರ್ ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಪೇಂಟ್ ತೆಳುವಾಗಿರುವುದರಿಂದಲೇ ನಡೆದದ್ದನ್ನು ಹೇಳುತ್ತದೆ. ಉಗುರಿಗೆ ಸಿಗದ ಗೀರು ಕ್ಲಿಯರ್ ಕೋಟಿನದು, ಪಾಲಿಶ್ ಮಾಡಿದರೆ ಹೋಗುತ್ತದೆ. ಪ್ರೈಮರ್ ಇಣುಕಿದರೆ ಪೆಟ್ಟು ಬಣ್ಣವನ್ನು ದಾಟಿದೆ. ಬರಿಯ ಲೋಹ ಕಂಡರೆ ತಡಮಾಡದೆ ಟಚಪ್ ಮಾಡಬೇಕು. ಲೈನರ್ ಸಣ್ಣ ಪೆಟ್ಟನ್ನು ನಿಜಕ್ಕೂ ನುಂಗಿಕೊಳ್ಳುತ್ತದೆ. ಆ ಶಕ್ತಿಯನ್ನು ಅಲ್ಲಗಳೆಯಲಾಗದು. ಆದರೆ ಅದರ ಹಿಡಿತವೆಲ್ಲ ನಿಂತಿರುವುದು ಕೆಳಗಿನ ಮೈಯನ್ನು ಎಷ್ಟು ಶ್ರದ್ಧೆಯಿಂದ ತಿಕ್ಕಿ, ಜಿಡ್ಡು ತೆಗೆದು, ಒರಟು ಮಾಡಿದ್ದಾರೆ ಎಂಬುದರ ಮೇಲೆ. ಆ ಕೆಲಸ ಕೆಟ್ಟಿದ್ದರೆ, ಅಥವಾ ಅಂಚಿನಲ್ಲೋ ಬೋಲ್ಟಿನ ತೂತಿನ ಬಳಿಯೋ ಆಳವಾಗಿ ಹರಿದ ಕಡೆಯೋ ನೀರು ಒಳಹೊಕ್ಕರೆ, ಅದು ಆರಿಹೋಗಲು ದಾರಿಯಿಲ್ಲ. ಪೇಂಟಿನಡಿಯ ತುಕ್ಕು ಗುಳ್ಳೆಯೆದ್ದು ತನ್ನನ್ನು ತೋರಿಸಿಕೊಳ್ಳುತ್ತದೆ. ದಪ್ಪ ತರಿ ಪದರದಡಿಯ ತುಕ್ಕು ಬಹುಕಾಲ ಗುಟ್ಟಾಗಿ ಹರಡಬಲ್ಲದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇದು ಸಣ್ಣ ಮಾತಲ್ಲ. ಮೇಲೆ ಗೀರಿಲ್ಲ ಎಂದಮಾತ್ರಕ್ಕೆ ಒಳಗೆ ಎಲ್ಲ ಸರಿಯಿದೆ ಎಂದು ನಂಬುವ ಹಾಗಿಲ್ಲ.

ನೋವಿಲ್ಲದಿರುವುದೇ ಆರೋಗ್ಯವಲ್ಲ ಎಂಬುದನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟವರು ಡಾ. ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಈ ಶಸ್ತ್ರವೈದ್ಯರು, ಕುಷ್ಠರೋಗಿಗಳ ಬೆರಳು ಮೊಂಡಾಗುವುದೇಕೆ ಎಂದು ಬೆನ್ನುಹತ್ತಿದರು. ರೋಗವೇ ಮಾಂಸವನ್ನು ತಿಂದುಹಾಕುತ್ತದೆ ಎಂಬುದು ಆಗ ವ್ಯಾಪಕವಾಗಿದ್ದ ನಂಬಿಕೆ. ಬ್ರಾಂಡ್ ಕಂಡದ್ದು ಬೇರೆ: ರೋಗ ನರಗಳನ್ನು ಕೊಲ್ಲುತ್ತದೆ, ಆಮೇಲೆ ಕೈಗೆ ಬಿಸಿ ತಿಳಿಯುವುದಿಲ್ಲ, ಕಾಲಿಗೆ ಮೊಳೆ ತಿಳಿಯುವುದಿಲ್ಲ, ಅರಿವಿಗೆ ಬಾರದ ಸಣ್ಣ ಗಾಯಗಳೇ ಕೂಡಿಕೊಂಡು ಅಂಗವನ್ನು ಕಳೆಯುತ್ತವೆ. ಮುಂದೆ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಆಸ್ಪತ್ರೆಯಲ್ಲಿ ಅವರ ತಂಡ ಇಂಥವರಿಗಾಗಿ ಕೃತಕ ನೋವಿನ ಸಾಧನ ರೂಪಿಸಲು ಯತ್ನಿಸಿತು. ಒತ್ತಡ ಮಿತಿಮೀರಿದರೆ ಅದು ಎಚ್ಚರಿಸಬೇಕಿತ್ತು. ಆದರೆ ಎಚ್ಚರಿಕೆಯನ್ನು ಬಂದ್ ಮಾಡುವ ಅವಕಾಶ ಕೈಯಲ್ಲಿದ್ದಾಗ ಮನುಷ್ಯರು ಬಂದ್ ಮಾಡಿಬಿಡುತ್ತಾರೆ ಎಂಬುದೇ ಅಲ್ಲಿ ಸಿಕ್ಕ ಪಾಠ. ದೈವಭಕ್ತ ಕ್ರೈಸ್ತರಾಗಿದ್ದ ಬ್ರಾಂಡ್ ನೋವನ್ನು ಕೊಡುಗೆಯೆಂದೇ ಕಂಡರು. ತಗಡಿಗೆ ನರಗಳಿಲ್ಲ, ನಿಜ. ಗಾಡಿಯ ಪರವಾಗಿ ನೋಯಬೇಕಾದವನು ಅದರ ಒಡೆಯ. ಅವನ ಕಣ್ಣಿಗೆ ಬೀಳುವ ಗೀರೇ ಗಾಡಿಗೂ ಅವನಿಗೂ ನಡುವಿನ ನರ. ಅದು ಕಾಣದಂತೆ ಮಾಡಿ ನೆಮ್ಮದಿ ಪಡೆದರೆ, ಎಚ್ಚರಿಕೆಯನ್ನು ಬಂದ್ ಮಾಡಿದ ಆ ಮನುಷ್ಯರ ದಾರಿಯನ್ನೇ ಹಿಡಿದಂತಾಗುತ್ತದೆ.

ಹಾಗಾದರೆ ಪ್ರತಿ ಗೀರಿಗೂ ಕೊರಗಬೇಕೆ? ಬೇಡ, ಇಲ್ಲಿ ಗೀತೆಯ ಎರಡನೆಯ ಅಧ್ಯಾಯ ನೆರವಿಗೆ ಬರುತ್ತದೆ. ಶೀತೋಷ್ಣ ಸುಖದುಃಖಗಳು ಬಂದು ಹೋಗುವಂಥವು, ಸಹಿಸಿಕೋ ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆಯೇ ಹೊರತು ಚಳಿ ತಾಗದ ಚರ್ಮ ಕೊಡುತ್ತೇನೆ ಎನ್ನುವುದಿಲ್ಲ. ತಾಗಲಿ, ತಾಗಿದ್ದು ತಿಳಿಯಲಿ, ತಿಳಿದೂ ಕರ್ತವ್ಯದಿಂದ ಕದಲದಿರು ಎಂಬುದೇ ತಿತಿಕ್ಷೆ. ಅರಿವನ್ನು ಉಳಿಸಿಕೊಂಡು ಅಳುಕನ್ನು ಬಿಡುವ ಶಿಸ್ತು ಅದು. ಅದೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯ ಉಪಮೆ ಇದೆಯಲ್ಲ, ಆಮೆಯದು ಕವಚವೇ ತಾನೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿ ಹೊಗಳಿಕೆ ಚಿಪ್ಪಿಗಲ್ಲ, ಒಳಗೆಳೆದುಕೊಳ್ಳುವ ಹತೋಟಿಗೆ. ಆಮೆ ಬೇಕೆಂದಾಗ ಕಾಲು ಹೊರಚಾಚುತ್ತದೆ, ಮತ್ತೆ ನೆಲ ಮುಟ್ಟುತ್ತದೆ. ಒಮ್ಮೆ ಬಿಗಿದ ಲೈನರಿಗೆ ಆ ಹೊರಳುವಿಕೆ ಇಲ್ಲ. ಅದನ್ನು ತೆಗೆಯಬೇಕೆಂದರೆ ಹೀಟ್ ಗನ್ನಿನಿಂದ ಕಾಯಿಸಿ ಕೆರೆಯಬೇಕು ಇಲ್ಲವೇ ಗ್ರೈಂಡರ್ ಹಿಡಿಯಬೇಕು, ದಿನಗಟ್ಟಲೆ ದುಡಿಮೆ. ಹಿಂದೆಗೆಯಲು ಬಾರದ ನಿರ್ಧಾರವನ್ನು ಮನಸ್ಸಿನ ಹತೋಟಿಗೆ ಸಮ ಎಂದು ಎಣಿಸಲಾಗದು.

ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ಹೊಳಪಿನ ಮೋಹ ಬಿಡುವುದೇ ವೈರಾಗ್ಯವಲ್ಲವೆ? ಕಾಡುಮೇಡು ಸುತ್ತಲೆಂದು ಕೊಂಡ ಗಾಡಿಯನ್ನು ಗೀರಿಗೆ ಹೆದರಿ ಶೆಡ್ಡಿನಲ್ಲಿ ನಿಲ್ಲಿಸುವವನಿಗಿಂತ, ಅಂದವನ್ನು ಬಿಟ್ಟುಕೊಟ್ಟು ತರಿ ಕಪ್ಪು ಬಳಿಸಿಕೊಂಡು ಹೊರಟವನು ಮೇಲಲ್ಲವೆ? ಈ ಮಾತಿನಲ್ಲಿ ಸತ್ಯವಿದೆ. ಎರಡನೆಯ ಮಹಾಯುದ್ಧಕ್ಕೆಂದು ತಯಾರಾದ ಜೀಪಿಗೆ ಬಳಿದದ್ದು ಹೊಳಪಿಲ್ಲದ ಆಲಿವ್ ಹಸಿರು; ಈ ಜಾತಿಯ ಗಾಡಿಗೆ ಮಿನುಗು ಹುಟ್ಟುಗುಣವೇ ಅಲ್ಲ. ಆದರೆ ಅದೇ ಉದಾಹರಣೆ ಇನ್ನೊಂದನ್ನೂ ಹೇಳುತ್ತದೆ: ಹೊಳಪು ಬಿಡಲು ಕವಚ ಬೇಕಿಲ್ಲ. ಮಂಕಾದ ಸಾದಾ ಪೇಂಟ್ ಸಾಕು, ಕೆದರಿದ ಕಡೆ ಕುಂಚ ಹಿಡಿದು ಮತ್ತೆ ಬಳಿದರಾಯಿತು. ಗೀರು ಬಿದ್ದರೆ ಬೀಳಲಿ, ನೋಡಿ ಸರಿಪಡಿಸೋಣ ಎಂಬ ಮನಸ್ಸು ವೈರಾಗ್ಯಕ್ಕೆ ಹತ್ತಿರ. ಗೀರು ಬೀಳಲೇಬಾರದೆಂದು ಮೈತುಂಬ ಕವಚ ತೊಡಿಸುವ ಮನಸ್ಸಿನಲ್ಲಿ ಹಳೆಯ ಮೋಹ ಹಾಗೆಯೇ ಉಳಿದಿರಬಹುದು. ಬದಲಾದದ್ದು ಮೋಹದ ವಸ್ತು ಮಾತ್ರ. ನಿನ್ನೆ ಹೊಳಪಿನ ಹೆಮ್ಮೆ, ಇಂದು ಒರಟುತನದ ಹೆಮ್ಮೆ.

ಬಂದಮೇಲೆ ಸರಿಪಡಿಸುವುದಕ್ಕಿಂತ ಬರದಂತೆ ತಡೆಯುವುದು ವಿವೇಕ ಎಂಬುದು ಎರಡನೆಯ ಆಕ್ಷೇಪ. ಒಪ್ಪುತ್ತೇನೆ; ಅದಕ್ಕೆಂದೇ ನಾನು ಲೈನರನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಸರಕು ಬೀಳುವ ತೊಟ್ಟಿ, ಚಕ್ರ ಸಿಡಿಸಿದ ಕಲ್ಲು ಬಡಿಯುವ ಬಾಗಿಲಿನ ಕೆಳಭಾಗ, ಬಂಡೆಗೆ ಉಜ್ಜುವ ಬಂಪರ್, ಕೆಸರು ಕಾಲು ಇಡುವ ನೆಲ, ಇಲ್ಲೆಲ್ಲ ಪೇಂಟ್ ಉಳಿಯದು, ಕವಚವೇ ಧರ್ಮ. ಆ ಭಾಗಗಳ ಕೆಲಸವೇ ಅದನ್ನು ಕೇಳುತ್ತದೆ. ಇಡೀ ಮೈಗೆ ಹೊದಿಸುವಾಗ ಕೇಳುತ್ತಿರುವುದು ಕೆಲಸವೋ ನಮ್ಮ ಅಂಜಿಕೆಯೋ ಎಂದು ವಿಚಾರಿಸಿಕೊಳ್ಳಬೇಕು. ಗಾಡಿಯ ಚಾವಣಿಗೆ ಕಲ್ಲು ಸಿಡಿಯುವುದು ಅಪರೂಪ. ತರಿ ಮೇಲ್ಮೈ ಕೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ, ತೊಳೆಯುವುದು ಕಷ್ಟ. ಅಗ್ಗದ ಆರೊಮ್ಯಾಟಿಕ್ ಜಾತಿಯ ಲೈನರ್ ಬಿಸಿಲಿಗೆ ಮಂಕಾಗಿ ಬಣ್ಣಗೆಡುತ್ತದೆ. ಬಿಸಿಲು ತಾಳುವ ಅಲಿಫ್ಯಾಟಿಕ್ ಜಾತಿಯದಕ್ಕೆ ಬೆಲೆ ಹೆಚ್ಚು. ಒಂದು ಸಲ ಮಾಡಿಸಿ ಮರೆತುಬಿಡಬಹುದಾದ ರಕ್ಷಣೆ ಇಲ್ಲಿಯೂ ಇಲ್ಲ. ಸವೆಯುವ ಲೋಕದಲ್ಲಿ ಸವೆಯದ ಪದರವನ್ನು ಹುಡುಕುವುದು ಅನಿತ್ಯವನ್ನು ಒಪ್ಪದ ಮನಸ್ಸಿನ ಹಟ.

ತಗಡಿನ ಗಾಡಿಗೆ ಇಷ್ಟು ಧರ್ಮಜಿಜ್ಞಾಸೆ ಬೇಕೆ ಎಂಬುದು ಕೊನೆಯ ಆಕ್ಷೇಪ. ನವರಾತ್ರಿಯಲ್ಲಿ ಆಯುಧಪೂಜೆ ಮಾಡುವ ಕನ್ನಡಿಗರಿಗೆ ಈ ಪ್ರಶ್ನೆಯ ಉತ್ತರ ಗೊತ್ತಿದೆ. ಅಂದು ಕುಂಕುಮ, ಹೂವು, ನಿಂಬೆಹಣ್ಣಿಗಿಂತ ಮೊದಲು ನಡೆಯುವುದು ತೊಳೆಯುವುದು, ಒರೆಸುವುದು, ಸಂದುಗೊಂದು ನೋಡುವುದು. ಉಪಕರಣದ ಕುಂದು ಕಣ್ಣಿಗೆ ಬೀಳುವುದು ಆಗಲೇ. ನೋಡದೆ ಮಾಡಿದ ಪೂಜೆ ಬರಿಯ ಅಲಂಕಾರ. ಮೇಲಾಗಿ ಗಾಡಿಯ ಸ್ಥಿತಿ ಒಡೆಯನೊಬ್ಬನ ಖಾಸಗಿ ಸಂಗತಿಯಲ್ಲ. ನಾಳೆ ಅದನ್ನು ಕೊಳ್ಳುವವನು ಕವಚದಡಿಯ ತುಕ್ಕನ್ನು ಕಾಣಲಾರ. ಒಳಗಿನ ಹಾಳನ್ನು ಮುಚ್ಚಲೆಂದೇ ಮೇಲೆ ಲೈನರ್ ಎರಚಿದರೆ ಅದು ಸುಳ್ಳು ಹೇಳಿದಂತೆ. ಎರಚುವ ಕೆಲಸಗಾರನ ಉಸಿರಿನ ಮಾತೂ ಇದೆ. ಈ ದ್ರವಗಳಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಆಸ್ತಮಾ ತರಬಲ್ಲದು. ಇಂದಿನ ಹಲವು ಗ್ಯಾರೇಜ್ ಪೇಂಟುಗಳಲ್ಲೂ ಅದು ಇರುವುದರಿಂದ ಲೈನರ್ ಒಂದನ್ನೇ ದೂರುವುದು ನ್ಯಾಯವಲ್ಲ. ಆದರೆ ನನ್ನ ಗಾಡಿಗೆ ಹೊದಿಸುವ ಕವಚಕ್ಕಿಂತ ಅವನ ಮುಖಕ್ಕೆ ತಕ್ಕ ಮಾಸ್ಕ್ ಮೊದಲು ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ.

ಆದ್ದರಿಂದ ಲೈನರೋ ಪೇಂಟೋ ಎಂಬುದು ಕೊನೆಗೆ ಎರಡನೆಯ ಪ್ರಶ್ನೆ. ಹೊದಿಸಿದ ಮೇಲೆಯೂ ನಾವು ನೋಡುತ್ತೇವೆಯೆ ಎಂಬುದು ಮೊದಲನೆಯದು. ಕವಚ ತೊಡಿಸಿದವನು ಅಂಚು ಎದ್ದಿದೆಯೆ, ಬೋಲ್ಟಿನ ಸುತ್ತ ಬಿರುಕಿದೆಯೆ, ಒಳಗಿನಿಂದ ತಗಡು ಕೆಂಪಾಗಿದೆಯೆ ಎಂದು ಬಗ್ಗಿ ನೋಡಿ, ಹರಿದ ಕಡೆ ಕೂಡಲೇ ಮುಚ್ಚುತ್ತಿದ್ದರೆ ಅವನಲ್ಲಿ ಚಿಂತೆ ಹೋಗಿ ಗಮನ ಉಳಿದಿದೆ. ಅವನನ್ನು ಆಕ್ಷೇಪಿಸಲು ನನಗೆ ಕಾರಣವಿಲ್ಲ. ಪೇಂಟನ್ನೇ ಇಟ್ಟುಕೊಂಡು ಗೀರುಗಳನ್ನು ಕಂಡೂ ಕಾಣದಂತಿರುವವನು ಅವನಿಗಿಂತ ಮೇಲಲ್ಲ. ಆದರೆ ಪೇಂಟು ತಾನಾಗಿಯೇ ತೋರಿಸುತ್ತಿದ್ದುದನ್ನು ಕವಚದಡಿ ನಾವೇ ಹುಡುಕಿ ತಿಳಿಯಬೇಕಾಗುತ್ತದೆ. ಕವಚ ದಪ್ಪವಾದಷ್ಟೂ ನೋಡುವ ಹೊಣೆ ಹೆಚ್ಚುತ್ತದೆ. ಆ ಹೊಣೆ ಹೊರಲು ಸಿದ್ಧನಿರುವವನಿಗೆ ಮಾತ್ರ ಕವಚ ತೊಡುವ ಹಕ್ಕಿದೆ.